ಸೋಮವಾರದ ಗೈರುಹಾಜರಿ

ಮೊದಲ ದಿನ ಆ ಹುಡುಗಿ ನನ್ನ ಹತ್ತಿರ ಆಡಿದ ಮಾತು ಎಣಿಸಿದರೆ ಹತ್ತು ದಾಟುವುದಿಲ್ಲ. ಅದರಲ್ಲಿ ಆರು ಬರೀ "ಹೂಂ". ಶಾಲೆಯ ಲೈಬ್ರರಿಯ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಎದುರಿಗೆ ಗೋಡೆ ಗಡಿಯಾರ. ಅವಳು ಗಡಿಯಾರ ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಒಂದು ಗಂಟೆ ಅಷ್ಟು ಉದ್ದ ಇರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು.

"ಮುಂದೆ ಏನಾಗ್ಬೇಕು ಅಂತ ಆಸೆ?" ಅಂತ ಕೇಳಿದೆ. ದೊಡ್ಡವರು ಮಕ್ಕಳನ್ನು ಕಂಡ ಕೂಡಲೇ ಕೇಳುವ ಪ್ರಶ್ನೆ.

"ಡಾಕ್ಟರ್" ಅಂದಳು. ಹಾಗಂದರೆ ದೊಡ್ಡವರು ಸುಮ್ಮನಾಗುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ನಾನೂ ಸುಮ್ಮನಾದೆ.

ಎಂಟನೇ ತರಗತಿ, ಹದಿಮೂರು ವರ್ಷ. ಶಾಲೆ ಬಿಡಬಹುದು ಅನ್ನುವ ಅನುಮಾನ ಇದ್ದ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅಂಥ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ಮೆಂಟರ್. ವಾರಕ್ಕೊಮ್ಮೆ ಬಂದು ಕೂರಬೇಕು, ಮಾತಾಡಬೇಕು, ಮಗು ಶಾಲೆಗೆ ಬರುತ್ತಿದೆಯಾ ನೋಡಬೇಕು. ನಾನು ಈ ಕೆಲಸಕ್ಕೆ ಬಂದದ್ದು ಯಾವ ದೊಡ್ಡ ಆದರ್ಶದಿಂದಲೂ ಅಲ್ಲ. ಗೆಳತಿಯೊಬ್ಬಳು ಹೋಗುತ್ತಿದ್ದಳು. "ವಾರಕ್ಕೆ ಒಂದು ಗಂಟೆ ಅಷ್ಟೇ ಕಣೇ" ಅಂದಳು. ಸರಿ ಅಂದೆ.

ಹೆಸರು ಕೊಟ್ಟ ಮೇಲೆ ಗುರುತಿನ ದಾಖಲೆ ಕೇಳಿದರು. ಪೊಲೀಸ್ ಪರಿಶೀಲನೆ ಆಯಿತು. ಇಬ್ಬರು ಪರಿಚಯದವರಿಗೆ ಫೋನ್ ಮಾಡಿ ನಾನು ಎಂಥವಳು ಅಂತ ವಿಚಾರಿಸಿದರು. ಆಮೇಲೆ ಎರಡು ಶನಿವಾರ ತರಬೇತಿ. ಅದರ ತುಂಬಾ ಬೇಡಗಳೇ. ದುಡ್ಡು ಕೊಡಬೇಡಿ. ಮಗುವಿನ ಮನೆಗೆ ಒಬ್ಬರೇ ಹೋಗಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಬೇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಯಾಕಂದರೆ ಮಗುವಿಗೆ ಯಾರಿಂದಲಾದರೂ ಅಪಾಯ ಇದೆ ಅಂತ ಗೊತ್ತಾದರೆ ಹೇಳಲೇಬೇಕಾಗುತ್ತದೆ. ಈ ಕೊನೆಯದನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಂಡೆ. ಅದರ ಕಥೆ ಮುಂದೆ ಬರುತ್ತದೆ.

ಇಷ್ಟೆಲ್ಲ ಬೇಡಗಳ ನಡುವೆ ಬೇಕು ಅಂತ ಇದ್ದದ್ದು ಒಂದೇ. ಕಡಿಮೆ ಅಂದರೂ ಒಂದು ವರ್ಷ ಇರಬೇಕು. ನನ್ನ ಪಕ್ಕ ಕೂತಿದ್ದವರೊಬ್ಬರು, "ನಂಗೆ ಮೂರ್ನಾಲ್ಕು ತಿಂಗಳು ಆಗುತ್ತೆ, ಅಷ್ಟಾದ್ರೂ ಮಾಡ್ತೀನಲ್ಲ, ಏನೂ ಇಲ್ಲದೇ ಇರೋದಕ್ಕಿಂತ ವಾಸಿ ಅಲ್ವಾ?" ಅಂದರು. ಸಂಯೋಜಕಿ ಖಡಾಖಂಡಿತವಾಗಿ "ವಾಸಿ ಅಲ್ಲ" ಅಂದರು. ನನಗೆ ಆಗ ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಪುಕ್ಕಟೆ ಬಂದು ಕೆಲಸ ಮಾಡುವವರಿಗೆ ಹೀಗೆ ಹೇಳುವುದಾ ಅಂತ.

ಆದರೆ ಅವರು ಸುಮ್ನೆ ಹೇಳಿದ್ದಲ್ಲ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಅಂತ ಒಂದು ಸಂಸ್ಥೆ ಇದೆ. 1904ರಲ್ಲಿ ನ್ಯೂಯಾರ್ಕಿನ ಒಂದು ಮಕ್ಕಳ ನ್ಯಾಯಾಲಯದ ಗುಮಾಸ್ತರು, ದಿನವೂ ಕಟಕಟೆಗೆ ಬರುವ ಹುಡುಗರನ್ನು ನೋಡಿ ನೋಡಿ, ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ದೊಡ್ಡವರು ಜೊತೆಯಾಗಿ ಅಂತ ಜನರನ್ನು ಕೇಳಿಕೊಂಡರು. ಅದರಿಂದ ಬೆಳೆದದ್ದು ಅದು. ಆ ಸಂಸ್ಥೆಯ ಮಕ್ಕಳನ್ನು ಇಟ್ಟುಕೊಂಡು ಜೀನ್ ಗ್ರಾಸ್‌ಮನ್, ಜೀನ್ ರೋಡ್ಸ್ ಅನ್ನುವ ಇಬ್ಬರು ಸಂಶೋಧಕಿಯರು 2002ರಲ್ಲಿ ಒಂದು ಲೆಕ್ಕ ಹಾಕಿದರು. ಮೆಂಟರ್ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದ ಮಕ್ಕಳಿಗೆ ಎಲ್ಲರಿಗಿಂತ ಜಾಸ್ತಿ ಅನುಕೂಲ ಆಗಿತ್ತು. ಮೂರು ತಿಂಗಳೊಳಗೆ ಬಿಟ್ಟು ಹೋದ ಕಡೆ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ಅಭಿಪ್ರಾಯವೇ ಮೊದಲಿಗಿಂತ ಕೆಳಗಿಳಿದಿತ್ತು. ಅಂದರೆ ಬರದೇ ಇದ್ದಿದ್ದರೆ ಚೆನ್ನಾಗಿತ್ತು. ಈಗಾಗಲೇ ಎಷ್ಟೋ ಜನ ಕೈ ಬಿಟ್ಟ ಮಗುವಿನ ಪಟ್ಟಿಗೆ ನಮ್ಮದೂ ಒಂದು ಹೆಸರು ಸೇರಿಸಿದ ಹಾಗೆ.

ಹಾಗೆ ಶುರುವಾಯಿತು ನಮ್ಮ ಗುರುವಾರ. ಸಂಜೆ ಕೊನೆಯ ಗಂಟೆ ಹೊಡೆದ ಮೇಲೆ ಲೈಬ್ರರಿ.

ಮೊದಲ ಒಂದೂವರೆ ತಿಂಗಳು ನಾನು ಮಾಡಿದ್ದು ಟ್ಯೂಷನ್. ಮಾತು ಬರದಿದ್ದರೆ ಲೆಕ್ಕವಾದರೂ ಬರಲಿ ಅಂತ. ಭಿನ್ನರಾಶಿ ಹೇಳಿಕೊಟ್ಟೆ. ಅವಳು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಳು, ನಾನು ಹೋದ ಮೇಲೆ ಮರೆತಳು. ಅವಳಿಗೆ ಲೆಕ್ಕ ಬರದೇ ಇರುವುದಕ್ಕೆ ಕಾರಣ ಲೆಕ್ಕ ಆಗಿರಲಿಲ್ಲ. ಲೆಕ್ಕ ಹೇಳಿಕೊಟ್ಟ ದಿನ ಅವಳು ತರಗತಿಯಲ್ಲಿ ಇರಲಿಲ್ಲ, ಅಷ್ಟೇ.

ಇದು ಗೊತ್ತಾದದ್ದು ಹಾಜರಿ ಪುಸ್ತಕ ನೋಡಿದ ಮೇಲೆ. ಸಂಯೋಜಕಿ ಮೊದಲೇ ಹೇಳಿದ್ದರು, ಮಾರ್ಕ್ಸ್ ಕಾರ್ಡ್ ಆಮೇಲೆ ನೋಡಿ, ಹಾಜರಿ ಮೊದಲು ನೋಡಿ ಅಂತ. ನಾನು ಉದಾಸೀನ ಮಾಡಿದ್ದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1990ರ ಸುಮಾರಿಗೆ ಶುರುವಾದ 'ಚೆಕ್ ಅಂಡ್ ಕನೆಕ್ಟ್' ಅನ್ನುವ ಕಾರ್ಯಕ್ರಮ ಪೂರ್ತಿ ಇದರ ಮೇಲೇ ನಿಂತಿದೆ. ಹಾಜರಿ, ನಡತೆ, ಅಂಕ ಈ ಮೂರನ್ನು ಬಿಡದೆ ನೋಡುತ್ತಿರು, ಏರುಪೇರು ಕಂಡ ಕೂಡಲೇ ಹೋಗಿ ಮಾತಾಡು. ಅಲ್ಲಿ ಮೆಂಟರ್ ಎರಡು ವರ್ಷ ಇರಬೇಕು. ಶಾಲೆ ಬಿಡುವುದನ್ನು ತಡೆಯುವ ಕೆಲಸದಲ್ಲಿ ಪರೀಕ್ಷೆಗೆ ನಿಂತು ಪಾಸಾದ ಕೆಲವೇ ವಿಧಾನಗಳಲ್ಲಿ ಇದೂ ಒಂದು.

ಕ್ಲಾಸ್ ಟೀಚರ್ ಒಂದು ಮಧ್ಯಾಹ್ನ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ಉದ್ದನೆಯ ನೀಲಿ ಗೆರೆಗಳ ಪುಸ್ತಕ. ಬಂದ ದಿನಕ್ಕೆ 'ಹಾ', ಬರದ ದಿನಕ್ಕೆ ಕೆಂಪು ಶಾಯಿಯಲ್ಲಿ 'ಗೈ'. ಅವಳ ಹೆಸರಿನ ಸಾಲಿನಲ್ಲಿ ಬೆರಳಿಟ್ಟು ಎಣಿಸುತ್ತಾ ಹೋದೆ. ಅಲ್ಲಿಯವರೆಗೆ 72 ದಿನ ಶಾಲೆ ನಡೆದಿತ್ತು. ಅವಳು 14 ದಿನ ಬಂದಿರಲಿಲ್ಲ. ಟೀಚರ್ ಕೂಡ ಬೆಚ್ಚಿದರು. "ಅಷ್ಟೊಂದಾ? ನಂಗೆ ಇವಳು ಬರ್ತಾನೇ ಇದ್ದಾಳೆ ಅನ್ಸಿತ್ತು" ಅಂದರು.

ಯಾಕೆ ಹಾಗನ್ನಿಸುತ್ತದೆ ಅಂದರೆ, ಒಟ್ಟಿಗೆ ಹತ್ತು ದಿನ ಬರದ ಮಗು ಕಣ್ಣಿಗೆ ಬೀಳುತ್ತದೆ. ವಾರಕ್ಕೊಂದು ದಿನ ಬರದ ಮಗು ಕಣ್ಣಿಗೆ ಬೀಳುವುದಿಲ್ಲ. ನೂರಕ್ಕೆ ಹತ್ತು ದಿನ ತಪ್ಪಿದರೆ ಅದನ್ನು ಅಪಾಯದ ಗೆರೆ ಅಂತ ಬಹಳ ಕಡೆ ಇಟ್ಟುಕೊಂಡಿದ್ದಾರೆ. ವರ್ಷಕ್ಕೆ 200 ದಿನ ಶಾಲೆ ಅಂದುಕೊಂಡರೆ ತಿಂಗಳಿಗೆ ಎರಡೇ ದಿನ! ಯಾರಿಗೆ ಗಾಬರಿ ಆಗುತ್ತದೆ, ಹೇಳಿ?

ಇನ್ನೊಂದು ವಿಷಯ ಆ ಪುಸ್ತಕದಲ್ಲೇ ಇತ್ತು. 14ರಲ್ಲಿ 9 ಸೋಮವಾರ.

ಮುಂದಿನ ಗುರುವಾರ ನಾನು ನೇರವಾಗಿ ಕೇಳಿಬಿಟ್ಟೆ. "ಸೋಮವಾರ ಯಾಕೆ ಬರಲ್ಲ ನೀನು?" ಪೊಲೀಸರ ಪ್ರಶ್ನೆ ಥರಾನೇ ಇತ್ತು ಅಂತ ಈಗ ಅನ್ನಿಸುತ್ತದೆ. "ಹೊಟ್ಟೆ ನೋವು" ಅಂದಳು. ಅದರ ಮುಂದಿನ ವಾರ ಕೇಳಿದಾಗ "ತಲೆ ನೋವು". ಮೂರನೇ ವಾರ ನಾನು ಕೇಳಲಿಲ್ಲ. ಅವಳ ಹತ್ತಿರ ಒಂದು ಪೆನ್ಸಿಲ್ ಇತ್ತು, ಕೆತ್ತಿ ಕೆತ್ತಿ ಎರಡು ಇಂಚಿಗೆ ಬಂದಿದ್ದು, ಹಿಡಿಯೋಕೆ ಆಗದೆ ಹಳೇ ಸ್ಕೆಚ್ ಪೆನ್ನಿನ ಕೊಳವೆಗೆ ಸಿಕ್ಕಿಸಿಕೊಂಡಿದ್ದಳು. ಅದನ್ನು ಮಾಡಿದ್ದು ಹೇಗೆ ಅಂತ ಕೇಳಿದೆ. ತೋರಿಸಿಕೊಟ್ಟಳು. ಅವತ್ತು ಮೊದಲ ಸಲ ಗಡಿಯಾರದ ಕಡೆ ನೋಡಲಿಲ್ಲ.

ವಿಷಯ ಹೊರಬಿದ್ದದ್ದು ಅದೇ ಸಂಜೆ, ನಾನು ಕೇಳದೇ ಇದ್ದಾಗ. ಹೊರಡುವ ಮುಂಚೆ ಬಾಗಿಲ ಹತ್ತಿರದ ಸಂದರ್ಶಕರ ಪುಸ್ತಕದಲ್ಲಿ ನಾನು ಸಹಿ ಹಾಕಬೇಕು. ಹಾಕುತ್ತಿದ್ದೆ. ಅವಳು ಪಕ್ಕದಲ್ಲಿ ನಿಂತು ಹಿಂದಿನ ವಾರಗಳ ಸಹಿಗಳನ್ನೆಲ್ಲ ನೋಡುತ್ತಿದ್ದಳು.

"ಅಕ್ಕಾ, ನಿಮ್ಮ ಸೈನು ಪ್ರತಿ ಸಲ ಒಂದೇ ಥರ ಬರುತ್ತಲ್ಲಾ?"

"ಅಭ್ಯಾಸ ಆಗಿಹೋಗಿದೆ."

"ಎಷ್ಟು ದಿನ ಬೇಕು, ಹಂಗೆ ಬರೋಕೆ?"

ಪೆನ್ನು ಕೆಳಗಿಟ್ಟೆ. ಏನೋ ಇದೆ ಅಂತ ಗೊತ್ತಾಯಿತು, ಏನು ಅಂತ ಗೊತ್ತಾಗಲಿಲ್ಲ. ಒಂದು ನಿಮಿಷ ಹಾಗೇ ನಿಂತಿದ್ದೆವು. ಆಮೇಲೆ ಅವಳೇ ಹೇಳಿದಳು, ಒಂದೊಂದೇ ತುಂಡು. ಶುಕ್ರವಾರ ಕಿರುಪರೀಕ್ಷೆ. ತಿದ್ದಿದ ಪೇಪರ್ ಶನಿವಾರ ಮನೆಗೆ. ಸೋಮವಾರ ಅಪ್ಪನದೋ ಅಮ್ಮನದೋ ಸಹಿ ಹಾಕಿಸಿಕೊಂಡು ಬಂದು ತೋರಿಸಬೇಕು. ಅಪ್ಪ ಇವರ ಜೊತೆ ಇಲ್ಲ. ಅಮ್ಮನಿಗೆ ಓದು ಬರಹ ಬರುವುದಿಲ್ಲ. ಹಿಂದಿನ ವರ್ಷ ಇವಳೇ ಅಮ್ಮನ ಹೆಸರು ಬರೆದು ಸಹಿ ಹಾಕುತ್ತಿದ್ದಳು. ಪ್ರತಿ ವಾರ ಬೇರೆ ಬೇರೆ ಥರ ಬಂದು ಸಿಕ್ಕಿಬಿದ್ದಳು. ಒಂದು ಇಡೀ ಪೀರಿಯಡ್ ತರಗತಿಯ ಹೊರಗೆ ನಿಲ್ಲಿಸಿದ್ದರು. ಸೋಮವಾರ ಬರದಿದ್ದರೆ ಮಂಗಳವಾರ ಯಾರೂ ಪೇಪರ್ ಕೇಳುವುದಿಲ್ಲ ಅನ್ನುವುದನ್ನು ಆಮೇಲೆ ಕಂಡುಕೊಂಡಳು.

"ಅಮ್ಮನ ಹೆಬ್ಬೆಟ್ಟು ಒತ್ತಿಸ್ಕೊಂಡು ಬರಬಹುದಿತ್ತಲ್ಲ?"

"ಪೇಪರೆಲ್ಲ ಹಿಂದಿನ ಬೆಂಚಿಂದ ಮುಂದಿನ ಬೆಂಚಿಗೆ ಕೈ ದಾಟಿ ಹೋಗ್ತವೆ ಅಕ್ಕಾ."

ಮುಂದೆ ಅವಳು ಹೇಳಲಿಲ್ಲ. ನಮ್ಮಲ್ಲಿ 'ಹೆಬ್ಬೆಟ್ಟು' ಅನ್ನುವುದನ್ನು ಬೈಗುಳವಾಗಿಯೂ ಬಳಸುತ್ತೇವೆ, ಅದನ್ನು ನಾನು ಅವಳಿಗೆ ವಿವರಿಸಬೇಕಾಗಿರಲಿಲ್ಲ.

ಈಗ ನನ್ನ ತಪ್ಪಿನ ಕಥೆ. ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ರೋಗ ಏನು ಅಂತ ಸಿಕ್ಕೇಬಿಟ್ಟಿತಲ್ಲ, ಇನ್ನು ಮದ್ದು ಎಷ್ಟು ಹೊತ್ತು! ಮಾರನೇ ದಿನವೇ ಹೋಗಿ ಕ್ಲಾಸ್ ಟೀಚರಿಗೆ ಎಲ್ಲ ಹೇಳಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಗುಟ್ಟು ಇಟ್ಟುಕೊಳ್ಳಬೇಡಿ ಅಂತ ತರಬೇತಿಯಲ್ಲಿ ಹೇಳಿದ್ದರಲ್ಲ, ಅದನ್ನೇ ಹಿಡಿದುಕೊಂಡಿದ್ದೆ. ಟೀಚರ್ ಒಳ್ಳೆಯವರು. ಅವರಿಗೆ ನಿಜವಾಗಿ ಬೇಜಾರಾಯಿತು. ಆ ಬೇಜಾರಿನಲ್ಲೇ ಶನಿವಾರ ಪೇಪರ್ ಹಂಚುವಾಗ ಇಡೀ ತರಗತಿಯ ಮುಂದೆ, ಬಹಳ ಪ್ರೀತಿಯಿಂದ, "ನಿಮ್ಮಮ್ಮನಿಗೆ ಓದೋಕೆ ಬರಲ್ಲ ಅಂತ ಮೊದಲೇ ಹೇಳ್ಬಾರ್ದಿತ್ತಾ ಪುಟ್ಟಾ, ನೀನು ಸೈನ್ ಇಲ್ಲದೇ ಬಾ ಪರವಾಗಿಲ್ಲ" ಅಂದರು.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಗುರುವಾರ ನಾನು ಲೈಬ್ರರಿಯಲ್ಲಿ ಒಬ್ಬಳೇ ಕೂತಿದ್ದೆ. ಅದರ ಮುಂದಿನ ಸೋಮವಾರವೂ ಇಲ್ಲ. ಅಲ್ಲಿಗೆ ಏಳು ದಿನ.

ಸಂಯೋಜಕಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. "ಹೇಳಲೇಬೇಕಾದ್ದು ಬೇರೆ, ಹೇಳಬಹುದಾದ್ದು ಬೇರೆ" ಅಂದರು. ಮಗುವಿಗೆ ಅಪಾಯ ಇದ್ದರೆ ಅದು ಹೇಳಲೇಬೇಕಾದ್ದು, ಅದನ್ನೂ ಅದಕ್ಕೆಂದೇ ಇರುವ ಒಬ್ಬರಿಗೆ ಮಾತ್ರ ಹೇಳುವುದು. ಉಳಿದದ್ದೆಲ್ಲ ಮಗುವಿನ ಸ್ವಂತದ್ದು. ಯಾರಿಗೆ ಹೇಳಬೇಕು, ಹೇಳಬೇಕಾ ಬೇಡವಾ ಅಂತ ಅವಳನ್ನೇ ಕೇಳಬೇಕಿತ್ತು. ಎರಡು ಶನಿವಾರ ಕೂತು ಕೇಳಿಸಿಕೊಂಡಿದ್ದು ಆಗ ತಲೆಗೆ ಹೋಯಿತು.

ಶಾಲೆಯಲ್ಲಿ ಹಾಜರಿ ನೋಡಿಕೊಳ್ಳುವ ಸಿಬ್ಬಂದಿಯೊಬ್ಬರ ಜೊತೆ ಮಂಗಳವಾರ ಸಂಜೆ ಅವಳ ಮನೆಗೆ ಹೋದೆ. ಅಮ್ಮ ಆಗ ತಾನೇ ಕೆಲಸದಿಂದ ಬಂದಿದ್ದರು. ಬೆಳಗ್ಗೆ ಐದಕ್ಕೆ ಮನೆ ಬಿಡುತ್ತಾರೆ. ಮಗಳು ಎದ್ದು ತಯಾರಾಗಿ ಹೋಗುತ್ತಾಳೆ ಅಂತ ಅವರ ನಂಬಿಕೆ. ಯೂನಿಫಾರ್ಮ್ ತೊಳೆದು ಒಣಗಿ ಹಾಕಿರುವುದು ದಿನವೂ ಕಾಣುತ್ತಿತ್ತು.

"ಈ ವರ್ಷ ಎಷ್ಟು ದಿನ ತಪ್ಪಿಸಿರಬಹುದು ಅಂದ್ಕೋತೀರಮ್ಮಾ?" ಅಂತ ಜೊತೆಗೆ ಬಂದವರು ಕೇಳಿದರು.

"ಎಲ್ಲೋ ಒಂದೈದು ದಿನ ಆಗಿರಬೇಕು. ಜ್ವರ ಬಂದಿತ್ತಲ್ಲ ಆವಾಗ."

ಆ ದಿನಕ್ಕೆ 24 ಆಗಿತ್ತು.

ಇದು ಅವರೊಬ್ಬರ ಕಥೆಯಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟಾಡ್ ರಾಜರ್ಸ್, ಆವಿ ಫೆಲ್ಲರ್ ಅನ್ನುವವರು ಫಿಲಡೆಲ್ಫಿಯಾದ 28 ಸಾವಿರಕ್ಕೂ ಹೆಚ್ಚು ಮನೆಗಳನ್ನು ಸೇರಿಸಿಕೊಂಡು, ಹಲವು ಮನೆಗಳಿಗೆ 'ನಿಮ್ಮ ಮಗು ಇಷ್ಟು ದಿನ ಬಂದಿಲ್ಲ' ಅಂತ ಸುಮ್ನೆ ಪತ್ರ ಕಳಿಸುತ್ತಾ ಹೋದರು. ಬೈಗುಳವಿಲ್ಲ, ದಂಡವಿಲ್ಲ, ಬರೀ ಲೆಕ್ಕ. ಪದೇ ಪದೇ ತಪ್ಪಿಸುವ ಮಕ್ಕಳ ಸಂಖ್ಯೆ ನೂರಕ್ಕೆ ಹತ್ತರಷ್ಟು, ಅದಕ್ಕಿಂತಲೂ ಸ್ವಲ್ಪ ಹೆಚ್ಚು, ಇಳಿಯಿತು. ತಂದೆ ತಾಯಿ ತಮ್ಮ ಮಕ್ಕಳ ಗೈರುಹಾಜರಿಯನ್ನು ಇರುವುದಕ್ಕಿಂತ ಕಡಿಮೆ ಅಂದುಕೊಂಡಿರುತ್ತಾರೆ ಅನ್ನುವುದೇ ಅದರ ಹಿಂದಿನ ಗುಟ್ಟು. ಓದು ಬಾರದ ತಾಯಿಗೆ ಪತ್ರ ಕಳಿಸಿ ಏನು ಪ್ರಯೋಜನ ಅಂತ ಕೇಳಬಹುದು. ನಮ್ಮ ಶಾಲೆಯವರು ಅವತ್ತಿಂದ ಅವರಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ ಲೆಕ್ಕ ಹೇಳಲು ಒಪ್ಪಿಕೊಂಡರು.

ಹುಡುಗಿ ಒಳಕೋಣೆಯ ಬಾಗಿಲ ಹಿಂದೆ ನಿಂತಿದ್ದಳು. ಹೆಬ್ಬೆರಳು ಮಾತ್ರ ಕಾಣುತ್ತಿತ್ತು, ಬಾಗಿಲ ಅಂಚನ್ನು ಕೆರೆಯುತ್ತಿತ್ತು. ನಾನು ಕ್ಷಮೆ ಕೇಳಬೇಕು ಅಂತಲೇ ಬಂದಿದ್ದೆ. ಆದರೆ ಏನಂತ ಕೇಳುವುದು? ಅಮ್ಮ ಎದುರಿಗೇ ಕೂತಿದ್ದಾರೆ. ಅಮ್ಮನಿಗೆ ಸಹಿ ಬರುವುದಿಲ್ಲ ಅಂತ ಮಗಳು ಶಾಲೆ ತಪ್ಪಿಸುತ್ತಿದ್ದಾಳೆ ಅನ್ನುವುದು ಅಮ್ಮನಿಗೆ ಗೊತ್ತಾಗುವುದು, ತರಗತಿಗೆ ಗೊತ್ತಾಗುವುದಕ್ಕಿಂತ ಕೆಟ್ಟದ್ದು. ಇನ್ನೊಂದು ಸಲ ಅದೇ ತಪ್ಪು ಮಾಡುವವಳಿದ್ದೆ.

"ಅವತ್ತು ನಾನು ನಿನ್ನ ಕೇಳದೇ ಒಂದು ಕೆಲಸ ಮಾಡ್ದೆ. ತಪ್ಪಾಯ್ತು. ಏನು ಅಂತ ನಿಂಗೆ ಗೊತ್ತು" ಅಂದೆ.

ಅಮ್ಮ ನನ್ನ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. ಏನೂ ಕೇಳಲಿಲ್ಲ. ಆ ಹೆಂಗಸಿಗೆ ಎಲ್ಲ ಗೊತ್ತಿತ್ತೇನೋ ಅಂತ ನನಗೆ ಇವತ್ತಿಗೂ ಅನುಮಾನ.

ಸ್ವಲ್ಪ ಹೊತ್ತಿನ ಮೇಲೆ ಅವಳು ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. "ಸೈನ್ ವಿಷಯ ಬಿಡು, ಈಗ ಬರೋಕೆ ಏನು ಕಷ್ಟ?" ಅಂತ ಕೇಳಿದೆ.

"ಈಗ ಹೋದ್ರೆ ಎಲ್ಲಾ ತಿರುಗಿ ನೋಡ್ತಾರೆ. ಎಲ್ಲಿಗೆ ಹೋಗಿದ್ದೆ ಅಂತಾರೆ."

ನಾನು ಈ ಕೆಲಸದಲ್ಲಿ ಕಲಿತ ಬಹುಪಾಲು ಈ ಎರಡು ವಾಕ್ಯದಲ್ಲಿದೆ. ಮಗು ಶಾಲೆ ತಪ್ಪಿಸಲು ಕಾರಣ ಒಂದಿರುತ್ತದೆ. ವಾಪಸ್ ಬರದೇ ಇರಲು ಕಾರಣ ಬೇರೆಯೇ ಆಗಿರುತ್ತದೆ. ಮೊದಲ ಕಾರಣ ಎಷ್ಟೋ ಸಲ ಸಣ್ಣದು. ತಂಗಿಗೆ ಜ್ವರ, ಹರಿದ ಚಪ್ಪಲಿ, ಸಹಿ. ಎರಡು ದಿನಕ್ಕೆ ಅದು ಮುಗಿದೂ ಹೋಗಿರುತ್ತದೆ. ಆದರೆ ಮೂರನೇ ದಿನ ಆ ಬಾಗಿಲಲ್ಲಿ ನಿಂತು "ಒಳಗೆ ಬರಲಾ ಮಿಸ್" ಅನ್ನುವುದಿದೆಯಲ್ಲ, ನಲವತ್ತು ತಲೆ ಒಟ್ಟಿಗೆ ತಿರುಗುವ ಆ ಕ್ಷಣ, ಅದು ದಿನ ಕಳೆದಷ್ಟೂ ದೊಡ್ಡದಾಗುತ್ತದೆ. ನಾವು ದೊಡ್ಡವರು ಮೊದಲ ಕಾರಣದ ಹಿಂದೆಯೇ ಬಿದ್ದಿರುತ್ತೇವೆ. ಅದು ಸರಿಹೋಯಿತು, ಇನ್ನೂ ಯಾಕೆ ಬರಲ್ಲ ಅಂತ ರೇಗುತ್ತೇವೆ. ಅಷ್ಟು ಸಾಲದು ಅಂತ, ಬಂದ ದಿನ "ಓಹೋ, ಬಂದ್ರಾ ದೊರೆಸಾನಿ! ದಾರಿ ಮರೆತಿರಾ?" ಅಂತ ತಮಾಷೆ ಬೇರೆ ಮಾಡುತ್ತೇವೆ. ಒಳ್ಳೆಯ ಮನಸ್ಸಿನ ಟೀಚರುಗಳೂ ಮಾಡುತ್ತಾರೆ. ಆ ಒಂದು ತಮಾಷೆಗೆ ಇನ್ನೂ ನಾಲ್ಕು ದಿನ ಹೋಗುತ್ತದೆ.

ಹಾಗಾಗಿ ನಾವು ಅಲ್ಲೇ ಕೂತು ವಾಪಸ್ ಬರುವ ದಿನವನ್ನು ಒಂದು ಕೆಲಸದ ಥರ ತಯಾರು ಮಾಡಿದೆವು. ಸೋಮವಾರ ಅಂತೂ ಬೇಡವೇ ಬೇಡ. ನಾಳೆಯೇ ಅಂದರೆ ಕ್ಲಾಸ್ ಟೀಚರಿಗೆ ಹೇಳಲು ಸಮಯವಿರುವುದಿಲ್ಲ. ಗುರುವಾರ ಅಂತ ಆಯಿತು, ಸಂಜೆ ಹೇಗೂ ನಾನು ಇರುತ್ತೇನೆ. ಗಂಟೆ ಹೊಡೆದ ಮೇಲೆ ಬಂದರೆ ಎಲ್ಲರೂ ಕೂತಿರುತ್ತಾರೆ, ಆದ್ದರಿಂದ ಕಾಲು ಗಂಟೆ ಮೊದಲೇ ಬಂದು ತನ್ನ ಜಾಗದಲ್ಲಿ ಕೂತಿರುವುದು. ಜೊತೆಗೆ ಯಾರು? ಒಬ್ಬ ಗೆಳತಿಯ ಹೆಸರು ಹೇಳಿದಳು, ಅವಳು ಗೇಟಿನ ಹತ್ತಿರ ಕಾಯಬೇಕು. ಯಾರಾದರೂ ಕೇಳಿದರೆ ಏನು ಹೇಳುವುದು? "ಹುಷಾರಿರಲಿಲ್ಲ ಅಂತೀನಿ" ಅಂದಳು. ಸುಳ್ಳು ಹೇಳಿದರೆ ಅದಕ್ಕೆ ಇನ್ನೊಂದು ಸುಳ್ಳು ಬೇಕಾಗುತ್ತದೆ, ಯಾವ ಡಾಕ್ಟರ್, ಯಾವ ಔಷಧಿ ಅಂತ. ಕೊನೆಗೆ "ಮನೇಲಿ ಸ್ವಲ್ಪ ಇತ್ತು" ಅನ್ನುವುದು ಗಟ್ಟಿಯಾಯಿತು. ಅದನ್ನು ಹೇಳಿ ಮಾತು ಬದಲಿಸುವುದು ಹೇಗೆ ಅಂತ ಎರಡು ಮೂರು ಸಲ ಅಭ್ಯಾಸ ಮಾಡಿದೆವು. ನಾನು ತರಲೆ ಹುಡುಗನ ಪಾತ್ರ ಮಾಡಿದೆ. ಅವಳಮ್ಮ ನಕ್ಕರು.

ಬುಧವಾರ ಕ್ಲಾಸ್ ಟೀಚರ್ ಹತ್ತಿರ ಹೋದೆ, ಈ ಸಲ ಅವಳನ್ನು ಕೇಳಿಕೊಂಡೇ. ನಾನು ಕೇಳಿದ್ದು ಇಷ್ಟೇ: ಅವಳು ಬಂದಾಗ ಏನೂ ಕೇಳಬೇಡಿ. ದಿನವೂ ಬರುವವಳ ಹೆಸರು ಕೂಗಿದ ಹಾಗೆ ಕೂಗಿ ಮುಂದಕ್ಕೆ ಹೋಗಿ. ಅವರಿಗೆ ತಾವು ಮಾಡಿದ್ದು ಅರಿವಾಗಿ ಕಣ್ಣು ತುಂಬಿ ಬಂತು. ಪೇಪರಿಗೆ ಅವರೇ ಒಂದು ದಾರಿ ಹುಡುಕಿದರು. ಇನ್ನು ಮುಂದೆ ಬೆಂಚಿನಿಂದ ಬೆಂಚಿಗೆ ದಾಟಿಸುವುದಿಲ್ಲ. ಎಲ್ಲರೂ ಮಡಚಿ ಮೇಜಿನ ಮೇಲಿನ ಡಬ್ಬಕ್ಕೆ ಹಾಕುವುದು. ಮನೆಯ ದೊಡ್ಡವರು ಯಾರಾದರೂ ನೋಡಿದ್ದಾರೆ ಅನ್ನುವುದಕ್ಕೆ ಯಾವ ಗುರುತು ಹಾಕಿದರೂ ಆಯಿತು. ಇದರಿಂದ ಅನುಕೂಲ ಆದದ್ದು ಇವಳೊಬ್ಬಳಿಗೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಇನ್ನೂ ಐದಾರು ಮಕ್ಕಳ ಸಹಿಗಳು ಆ ವಾರದಿಂದ ಬದಲಾದವಂತೆ.

ಇವಳ ಅಮ್ಮ ಹಾಕುತ್ತಿದ್ದ ಗುರುತು ಒಂದು ಸೊನ್ನೆ, ಅದರೊಳಗೆ ಒಂದು ಚುಕ್ಕೆ. ಕೆಲಸದ ಜಾಗದಲ್ಲಿ ಸಂಬಳದ ಪುಸ್ತಕಕ್ಕೂ ಅದನ್ನೇ ಹಾಕುವುದಂತೆ. ಪ್ರತಿ ಸಲ ಒಂದೇ ಥರ ಬರುತ್ತಿತ್ತು.

ಬುಧವಾರವೂ ಸೇರಿ ಒಂಬತ್ತು ದಿನದ ಪಾಠ ಬಾಕಿ ಇತ್ತು. ಎಲ್ಲವನ್ನೂ ಬರೆಸುವ ಹುಮ್ಮಸ್ಸು ನನಗೆ ಬಂದಿತ್ತು, ತಡೆದುಕೊಂಡೆ. ಗಣಿತ, ವಿಜ್ಞಾನ ಎರಡೇ ಸಾಕು, ಉಳಿದದ್ದು ಗೆಳತಿಯ ಪುಸ್ತಕ ನೋಡಿ ಓದಿಕೊಂಡರಾಯಿತು ಅಂತ ಬಿಟ್ಟೆವು. ರಾಶಿ ಬಾಕಿ ಕೂಡ ಮಗುವನ್ನು ಮನೆಯಲ್ಲೇ ಕೂರಿಸುತ್ತದೆ.

ಆ ವರ್ಷ ಉಳಿದ ನೂರು ಚಿಲ್ಲರೆ ದಿನಗಳಲ್ಲಿ ಅವಳು ಆರು ದಿನ ತಪ್ಪಿಸಿದಳು. ಸೋಮವಾರ ಒಂದೇ.

ಎರಡನೇ ವರ್ಷ ನನಗೆ ಇನ್ನೊಬ್ಬನನ್ನೂ ಕೊಟ್ಟರು. ಹತ್ತನೇ ತರಗತಿ ಹುಡುಗ. ಇವಳ ಕಥೆ ಹೇಳಿ ನಿಲ್ಲಿಸಿದರೆ ನಾನು ಏನೋ ಸಾಧಿಸಿದವಳ ಹಾಗೆ ಕಾಣುತ್ತೇನೆ, ಅದಕ್ಕೇ ಅವನ ಕಥೆಯನ್ನೂ ಹೇಳಬೇಕು.

ಅವನಿಗೆ ಶಾಲೆ ಇಷ್ಟವಿತ್ತು. ಮಾತುಗಾರ, ನಗಿಸುತ್ತಿದ್ದ. ಆದರೆ ಮನೆಯಲ್ಲಿ ಸಾಲ. ರಾತ್ರಿ ಹೊತ್ತು ಒಂದು ಗೋದಾಮಿನಲ್ಲಿ ಹೊರೆ ಇಳಿಸುತ್ತಿದ್ದ. ಬೆಳಗ್ಗೆ ಮೊದಲ ಪೀರಿಯಡ್ಡಿನಲ್ಲಿ ನಿದ್ದೆ. ನಾನು ಸಂಯೋಜಕಿಗೆ ಹೇಳಿದೆ, ಆ ವಯಸ್ಸಿನ ಹುಡುಗ ರಾತ್ರಿ ಕೆಲಸ ಮಾಡುವುದು ಹೇಳಲೇಬೇಕಾದ್ದರ ಪಟ್ಟಿಗೆ ಸೇರುತ್ತದೆ. ಹೇಳುತ್ತೇನೆ ಅಂತ ಅವನಿಗೆ ಮೊದಲು ತಿಳಿಸಿಯೇ ಹೇಳಿದೆ. ಸಹಾಯಧನಕ್ಕೆ ಅರ್ಜಿ ಹಾಕಿಸಿದರು. ಅದು ಬರಲು ನಾಲ್ಕು ತಿಂಗಳು. ಸಾಲ ಕೊಟ್ಟವನು ನಾಲ್ಕು ತಿಂಗಳು ಕಾಯುವವನಲ್ಲ. ಗೋದಾಮಿನವರು ಇವನನ್ನು ಬಿಡಿಸಿದರು, ಇವನು ಇನ್ನೊಂದು ಕಡೆ ಸೇರಿಕೊಂಡ, ಅದು ಹಗಲು ಕೆಲಸ. ಮೂರು ಸಲ ವಾಪಸ್ ಕರೆತಂದೆವು. ಬಾಗಿಲಲ್ಲಿ ನಿಲ್ಲುವ ಭಯ ಅವನಿಗೆ ಇರಲೇ ಇಲ್ಲ, ನಗುತ್ತಲೇ ಒಳಗೆ ಬರುತ್ತಿದ್ದ. ನಾಲ್ಕನೇ ಸಲ ಬರಲಿಲ್ಲ. "ಅಕ್ಕಾ ನೀವು ಬೇಜಾರ್ ಮಾಡ್ಕೋಬೇಡಿ" ಅಂತ ಒಂದು ಮೆಸೇಜ್ ಬಂತು, ಅಷ್ಟೇ.

ನಾನು ಕಲಿತದ್ದು ಅವನ ವಿಷಯದಲ್ಲಿ ಮೂರು ಕಾಸಿನ ಉಪಯೋಗಕ್ಕೂ ಬರಲಿಲ್ಲ. ಹೊಟ್ಟೆಗಿಲ್ಲದ ಮನೆಗೆ ವಾರಕ್ಕೊಂದು ಗಂಟೆ ಮಾತು ಯಾವ ಲೆಕ್ಕ? ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಆಗಿದ್ದು 1989ರಲ್ಲಿ. ಅದರ 28ನೇ ವಿಧಿಯಲ್ಲಿ ಮಕ್ಕಳು ತಪ್ಪದೆ ಶಾಲೆಗೆ ಬರುವಂತೆ ಮಾಡಬೇಕು, ನಡುವೆ ಬಿಡುವುದನ್ನು ಕಡಿಮೆ ಮಾಡಬೇಕು ಅಂತ ಸರ್ಕಾರಗಳಿಗೇ ಹೇಳಿದೆ. ನನ್ನಂಥ ಗುರುವಾರದವರಿಗಲ್ಲ. ಅದನ್ನು ನೆನೆಸಿಕೊಂಡರೆ ಸ್ವಲ್ಪ ಸಮಾಧಾನವಾಗುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

ಆ ದಿನಗಳಲ್ಲೇ ನಾನು ಕೇಂಬ್ರಿಡ್ಜ್ ಸಾಮರ್‌ವಿಲ್ ಅಧ್ಯಯನದ ಬಗ್ಗೆ ಓದಿದ್ದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಶುರುವಾಗಿದ್ದು. 500ಕ್ಕೂ ಹೆಚ್ಚು ಹುಡುಗರನ್ನು ಆರಿಸಿ, ಅರ್ಧದಷ್ಟು ಹುಡುಗರಿಗೆ ವರ್ಷಗಟ್ಟಲೆ ಸಲಹೆಗಾರರನ್ನು ಕೊಟ್ಟರು. ಮನೆಗೆ ಹೋಗುವುದು, ಪಾಠ ಹೇಳಿಕೊಡುವುದು, ಬೇಸಿಗೆ ಶಿಬಿರಕ್ಕೆ ಕಳಿಸುವುದು. ಮೂವತ್ತು ವರ್ಷ ಆದ ಮೇಲೆ ಜೋನ್ ಮೆಕಾರ್ಡ್ ಅನ್ನುವ ಸಂಶೋಧಕಿ ಅವರನ್ನೆಲ್ಲ ಹುಡುಕಿಸಿದರು. ಸಹಾಯ ಪಡೆದವರಲ್ಲಿ ಎಷ್ಟೋ ಜನ, ಅದರಿಂದ ನಮಗೆ ಒಳ್ಳೆಯದಾಯಿತು ಅಂತ ಪ್ರೀತಿಯಿಂದಲೇ ನೆನೆಸಿಕೊಂಡರು. ಆದರೆ ಲೆಕ್ಕ ತೆಗೆದರೆ, ಸಹಾಯ ಸಿಗದವರಿಗಿಂತ ಹಲವು ವಿಷಯಗಳಲ್ಲಿ ಇವರ ಬಾಳೇ ಹೆಚ್ಚು ಕೆಟ್ಟಿತ್ತು. 1978ರಲ್ಲಿ ಇದನ್ನು ಪ್ರಕಟಿಸಿದಾಗ ದೊಡ್ಡ ಗದ್ದಲವಾಯಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರಾದರೂ "ಅಕ್ಕಾ ನಿಮ್ಮಿಂದ ತುಂಬಾ ಸಹಾಯ ಆಯ್ತು" ಅಂದರೆ ಈಗ ನಾನು ಹಾಜರಿ ಪುಸ್ತಕ ತೆಗೆದು ನೋಡುತ್ತೇನೆ.

ಹುಡುಗಿಯ ವಿಷಯಕ್ಕೆ ವಾಪಸ್ ಬರುತ್ತೇನೆ. ಒಂಬತ್ತನೇ ತರಗತಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಅದೇ ಬೇಕಾಗಿತ್ತು. ಬೀಜಗಣಿತ ತಲೆಗೆ ಹತ್ತಿತು, ಇತಿಹಾಸ ಹತ್ತಲಿಲ್ಲ. ಡಾಕ್ಟರ್ ಆಗುವ ಆಸೆ ತನಗೆ ಯಾವತ್ತೂ ಇರಲಿಲ್ಲ, ಬಸ್ ಓಡಿಸಬೇಕು ಅಂತಿದೆ ಅಂದಳು. ಒಂದು ಗುರುವಾರ ನನಗೆ ಜ್ವರ. ಶಾಲೆಗೆ ಫೋನ್ ಮಾಡಿ ಹೇಳಿದ್ದೆ, ಅದು ಅವಳಿಗೆ ತಲುಪಿರಲಿಲ್ಲ. ಮುಂದಿನ ವಾರ ಹೋದಾಗ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡಳು. ನಾನು ಪ್ರತಿ ವಾರದ ತಾರೀಕು ಬರೆದು ಎರಡು ಸಾಲು ಗೀಚಿಕೊಳ್ಳುವ ಪುಸ್ತಕ ಅದು. ತಪ್ಪಿದ ತಾರೀಕನ್ನು ತಾನೇ ಬರೆದು, ಅದರ ಮುಂದೆ ಕೆಂಪು ಪೆನ್ನಿನಲ್ಲಿ 'ಗೈ' ಅಂತ ಹಾಕಿದಳು. ಆಮೇಲೆ, "ಏನಾಗಿತ್ತು ಅಕ್ಕಾ?" ಅಂದಳು.

ವರ್ಷದ ಕೊನೆಗೆ ನನಗೆ ಬೇರೆ ಊರಿಗೆ ಹೋಗುವ ಹಾಗಾಯಿತು. ಎರಡು ವರ್ಷವೂ ಆಗಿತ್ತು. ಮುಗಿಸುವುದಕ್ಕೂ ಒಂದು ಕ್ರಮವಿದೆ. ಕೊನೆಯ ದಿನ ಹೋಗಿ ಟಾಟಾ ಮಾಡಿ ಬರುವುದಲ್ಲ, ಒಂದು ತಿಂಗಳು ಮೊದಲೇ ಹೇಳಬೇಕು. ಇನ್ನು ನಾಲ್ಕು ಗುರುವಾರ ಇದೆ ಅನ್ನುವಾಗ ಹೇಳಿದೆ. "ಹೂಂ" ಅಂದಳು. ಮೊದಲ ದಿನದ ಅದೇ ಹೂಂ.

ಮುಂದಿನ ಗುರುವಾರ ಅವಳು ಬರಲಿಲ್ಲ. ಶಾಲೆಗೆ ಬಂದಿದ್ದಳು, ಲೈಬ್ರರಿಗೆ ಬರಲಿಲ್ಲ. ಹುಡುಕಿಕೊಂಡು ಹೋಗೋಣ ಅಂತ ಎದ್ದೆ, ಮತ್ತೆ ಕೂತೆ. ಒಂದು ಗಂಟೆ ಅಲ್ಲೇ ಇದ್ದು, ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿ ಬಂದೆ. ನೋಟ್‌ಬುಕ್ಕಿನಲ್ಲಿ ತಾರೀಕಿನ ಮುಂದೆ ಏನೂ ಬರೆಯಲಿಲ್ಲ.

ಅದರ ಮುಂದಿನ ವಾರ ಹತ್ತು ನಿಮಿಷ ತಡವಾಗಿ ಬಾಗಿಲಲ್ಲಿ ನಿಂತಳು. ನಾನು ತಲೆ ಎತ್ತಿ ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದೆ. ಬಂದು ಕೂತಳು. ನೋಟ್‌ಬು‌ಕ್ ಎಳೆದುಕೊಂಡು ಖಾಲಿ ಬಿಟ್ಟಿದ್ದ ಕಡೆ ತಾನೇ 'ಗೈ' ಅಂತ ಬರೆದಳು.

"ಇನ್ನೆಷ್ಟು ಗುರುವಾರ ಇದೆ ಅಕ್ಕಾ?"

"ಇವತ್ತೂ ಸೇರಿ ಮೂರು."

ಬೆರಳು ಮಡಚಿ ಲೆಕ್ಕ ಹಾಕಿದಳು. "ಮುಂದಿನ ವಾರ ನಮಗೆ ವಿಜ್ಞಾನ ಪರೀಕ್ಷೆ. ಹಂಗಾದ್ರೆ ಎರಡೇ" ಅಂದು ಜಾಮಿಟ್ರಿ ಬಾಕ್ಸ್ ತೆಗೆದಳು.